ಮೂರು ತಿಂಗಳ ಮಾತು

ವಂದನೀಯ ಮ್ಯಾಟ್ ಟಾಲ್ಬಟ್ ಅವರ ಜೀವನ

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ನಿಂತು ನೇಕಾರರ ಕೈಗೆ ವಾರದ ಬಟವಾಡೆ ಬರುವ ಸಂಜೆ, ಜಮಖಂಡಿ, ಮುಧೋಳ, ಬೀಳಗಿಯ ಕಡೆ ಕಬ್ಬು ಕಡಿದವರ ಕೂಲಿ ಲೆಕ್ಕವಾಗುವ ಸಂಜೆ, ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬಾಗಿಲ ಕಡೆ ಕಣ್ಣಿಟ್ಟು ಕುಳಿತಿರುತ್ತಾರೆ. ದುಡಿದವನು ಬರುತ್ತಾನೆಯೇ, ಹೇಗೆ ಬರುತ್ತಾನೆ, ಕೈಯಲ್ಲಿ ಎಷ್ಟು ಉಳಿಸಿಕೊಂಡು ಬರುತ್ತಾನೆ ಎಂಬುದೇ ಅವರ ಚಿಂತೆ. ಈ ಚಿಂತೆಗೆ ಜಾತಿಯಿಲ್ಲ, ಮತವಿಲ್ಲ. ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇದರಿಂದ ಹೊರತಲ್ಲ.

ಇದೇ ಜಮಖಂಡಿ ಸೀಮೆಯ ಹಿಪ್ಪರಗಿಯಲ್ಲಿ 1930ರ ಆಗಸ್ಟ್ 1ರಂದು ಹುಟ್ಟಿದ ಒಬ್ಬ ಮಹನೀಯರು ಮುಂದೆ ಇಳಕಲ್ಲಿನ ಮಠದ ಪೀಠವನ್ನೇರಿ ಮಹಾಂತ ಸ್ವಾಮಿಗಳೆಂದು ಹೆಸರಾದರು. ಅವರು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೊರಟರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. ಕುಡಿತ, ಬೀಡಿ, ತಂಬಾಕುಗಳನ್ನು ಬಿಡುತ್ತೇವೆಂದು ಜನ ಅವರ ಮುಂದೆ ಮಾತು ಕೊಟ್ಟರು. ಮಹಾಂತ ಜೋಳಿಗೆ ಎಂಬ ಹೆಸರು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಪರಿಚಿತವಾಯಿತು. 2018ರ ಮೇ 19ರಂದು ಅವರು ತೀರಿಕೊಂಡರು. ಅವರ ಹುಟ್ಟಿದ ದಿನವನ್ನು ನಮ್ಮ ರಾಜ್ಯ ಸರ್ಕಾರ ಇಂದು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಆ ಜೋಳಿಗೆ ಹೊರಟ 1975ನೇ ಇಸವಿಯಲ್ಲಿಯೇ, ಅಕ್ಟೋಬರ್ 3ರಂದು, ಜಗದ್ಗುರು ಆರನೆಯ ಪೌಲರು ಐರ್ಲೆಂಡಿನ ಒಬ್ಬ ಕೂಲಿಯಾಳನ್ನು ವಂದನೀಯರೆಂದು ಸಾರಿದರು. ಆ ಕೂಲಿಯಾಳು ಪ್ರಾಯದ ಹದಿನಾರು ವರ್ಷಗಳನ್ನು ಹೆಂಡಕ್ಕೆ ಕೊಟ್ಟವನು. ಆಮೇಲೆ ನಲವತ್ತೊಂದು ವರ್ಷ ಒಂದು ಹನಿಯನ್ನೂ ಮುಟ್ಟದೆ ಬಾಳಿದವನು. ಹೆಸರು ಮ್ಯಾಟ್ ಟಾಲ್ಬಟ್. ಕುಡಿತ ಬಿಡಲು ಹೆಣಗುವವರು ಇಂದು ಜಗತ್ತಿನ ಅನೇಕ ಕಡೆ ಇವರ ಪ್ರಾರ್ಥನೆಯ ಸಹಾಯವನ್ನು ಬೇಡುತ್ತಾರೆ. ಜೋಳಿಗೆಗೆ ಹಾಕಿದ ಮಾತು ಉಳಿಯಬೇಕಾದರೆ ಏನೇನು ಬೇಕು ಎಂಬುದನ್ನು ಇವರ ಬದುಕಿನಲ್ಲಿ ನಾವು ಹೆಜ್ಜೆ ಹೆಜ್ಜೆಗೂ ಕಾಣಬಹುದು.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ ನಗರದ ನಾರ್ತ್ ಸ್ಟ್ರಾಂಡ್ ಎಂಬ ಬಡವರ ಬೀದಿಯಲ್ಲಿ. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಹನ್ನೆರಡು ಮಕ್ಕಳಲ್ಲಿ ಇವನು ಎರಡನೆಯವನು. ತಂದೆ ಬಂದರಿನಲ್ಲಿ ಕೆಲಸಕ್ಕಿದ್ದರು. ಸಂಸಾರ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆಯುತ್ತಿತ್ತು. ಹುಡುಗ ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಹನ್ನೆರಡನೆಯ ವಯಸ್ಸಿಗೇ ಅವನನ್ನು ಕೆಲಸಕ್ಕೆ ಹಾಕಿದರು. ಆ ಕೆಲಸ ಸಿಕ್ಕಿದ್ದು ಬರ್ಕ್ ಎಂಬ ಮದ್ಯ ವ್ಯಾಪಾರಿಗಳ ಕಟ್ಟಡದಲ್ಲಿ, ಬಿಯರು ಬಾಟಲಿಗಳ ನಡುವೆ. ಬಾಟಲಿಗಳ ತಳದಲ್ಲಿ ಉಳಿದದ್ದನ್ನು ಹುಡುಗರು ಕುಡಿಯುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಮ್ಯಾಟ್ ಅಮಲಿನಲ್ಲಿ ಮನೆಗೆ ಬರತೊಡಗಿದ.

ತಂದೆ ಹೊಡೆದರು. ಅದರಿಂದ ಏನೂ ಆಗಲಿಲ್ಲ. ತಮ್ಮ ಕಣ್ಣೆದುರಿಗೇ ಇರಲೆಂದು ಬಂದರಿನ ಉಗ್ರಾಣದಲ್ಲಿ ಕೆಲಸ ಕೊಡಿಸಿದರು. ಆ ಉಗ್ರಾಣದಲ್ಲಿ ಇದ್ದದ್ದು ವಿಸ್ಕಿಯ ಪೀಪಾಯಿಗಳು! ಬಿಯರು ಕುಡಿಯುತ್ತಿದ್ದ ಹುಡುಗ ವಿಸ್ಕಿಗೆ ಇಳಿದ. ತಂದೆಯ ಹೆಸರಿಗೆ ಕಳಂಕ ಬರಬಾರದೆಂದು ಆ ಕೆಲಸ ಬಿಟ್ಟು, ಗಾರೆಯವರಿಗೆ ಇಟ್ಟಿಗೆ, ಗಚ್ಚು ಹೊರುವ ಕೂಲಿಗೆ ಸೇರಿಕೊಂಡ. ಗಟ್ಟಿಮುಟ್ಟಾದ ಆಳು, ಕೆಲಸದಲ್ಲಿ ಎಲ್ಲರಿಗಿಂತ ಮುಂದು. ಆದರೆ ಶನಿವಾರದ ಕೂಲಿ ನೇರವಾಗಿ ಹೆಂಡದಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗುತ್ತಿತ್ತು. ಆ ಕಾಲದ ಡಬ್ಲಿನ್ನಿನಲ್ಲಿ ಬಂದರಿನ ಕೂಲಿಗಳಿಗೆ ಹೆಂಡದಂಗಡಿಯಲ್ಲಿಯೇ ಸಂಬಳ ಹಂಚುವ ಪದ್ಧತಿಯೂ ಇತ್ತು. ದುಡ್ಡು ಕೈಗೆ ಬರುವ ಮೊದಲೇ ಲೋಟ ಮುಂದೆ ಬಂದಿರುತ್ತಿತ್ತು. ಬಡವನ ಚಟವನ್ನು ಬೈಯುವವರು ಹಲವರಿದ್ದರು. ಆ ಚಟವನ್ನು ಸಾಕುತ್ತಿದ್ದ ಈ ಏರ್ಪಾಡನ್ನು ಪ್ರಶ್ನಿಸಿದವರು ಕೆಲವರೇ.

ದುಡ್ಡು ಮುಗಿದರೆ ಮ್ಯಾಟ್ ತನ್ನ ಬೂಟುಗಳನ್ನು ಅಡವಿಡುತ್ತಿದ್ದ. ಒಮ್ಮೆ ಗೆಳೆಯರೊಡನೆ ಸೇರಿ, ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡವನ ಪಿಟೀಲನ್ನೇ ಅಪಹರಿಸಿ ಮಾರಿ ಕುಡಿದದ್ದುಂಟು. ಎಷ್ಟು ಕುಡಿದರೂ ಬೆಳಗಿನ ಕೆಲಸಕ್ಕೆ ತಪ್ಪುತ್ತಿರಲಿಲ್ಲ. ಭಾನುವಾರದ ಬಲಿಪೂಜೆಯನ್ನೂ ಪೂರ್ತಿ ಬಿಟ್ಟಿರಲಿಲ್ಲವಂತೆ. ಆದರೆ ಪಾಪನಿವೇದನೆ, ಪರಮಪ್ರಸಾದಗಳಿಂದ ದೂರವೇ ಉಳಿದಿದ್ದ.

1884ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಒಂದು ಶನಿವಾರ ಬಂತು. ಮ್ಯಾಟ್ ಆ ವಾರವೆಲ್ಲ ಕುಡಿತದಲ್ಲಿ ಕಳೆದು ಕೂಲಿ ಕಳೆದುಕೊಂಡಿದ್ದ. ಕಿಸೆಯಲ್ಲಿ ಬಿಡಿಗಾಸಿಲ್ಲ. ಬಟವಾಡೆ ಪಡೆದ ಗೆಳೆಯರು ಬರುವ ದಾರಿಯಲ್ಲಿ, ಓಮಿಯಾರಾ ಎಂಬವರ ಹೆಂಡದಂಗಡಿಯ ಹತ್ತಿರ ನಿಂತುಕೊಂಡ. ತನ್ನ ಕೈಯಲ್ಲಿ ಹಣವಿದ್ದಾಗ ಇವರಿಗೆಲ್ಲ ಧಾರಾಳವಾಗಿ ಕುಡಿಸಿದವನು ಅವನು. ಗೆಳೆಯರು ಒಬ್ಬೊಬ್ಬರಾಗಿ ಬಂದರು, ಮಾತಾಡಿಸಿ ಒಳಗೆ ಹೋದರು. ಬಾ ಎಂದು ಒಬ್ಬನೂ ಕರೆಯಲಿಲ್ಲ. ಆ ಹೊತ್ತಿನಲ್ಲಿ ಅವನ ಎದೆಗೆ ಬಿದ್ದ ಪೆಟ್ಟು ತಂದೆಯ ಯಾವ ಏಟಿಗಿಂತಲೂ ದೊಡ್ಡದಾಗಿತ್ತು. ಅಲ್ಲಿಂದ ಹೊರಟು ಮನೆಗೆ ಬಂದ.

ಶನಿವಾರ ಮಧ್ಯಾಹ್ನ ಮಗ ಅಮಲಿಲ್ಲದೆ ಮನೆಗೆ ಬಂದದ್ದನ್ನು ಕಂಡು ತಾಯಿಗೆ ಆಶ್ಚರ್ಯ. ಊಟವಾದ ಮೇಲೆ, ಕುಡಿತ ಬಿಡುವ ಪ್ರತಿಜ್ಞೆ ಮಾಡಲು ಹೋಗುತ್ತೇನೆ ಎಂದು ಅವನು ತಿಳಿಸಿದ. ತಾಯಿ ಹಿಗ್ಗಿ ಕುಣಿಯಲಿಲ್ಲ. ಹಿಂದಿನದನ್ನೆಲ್ಲ ಎತ್ತಿ ಚುಚ್ಚಲೂ ಇಲ್ಲ. ದೇವರ ಹೆಸರಿನಲ್ಲಿ ಹೋಗು, ಆದರೆ ಉಳಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ ಮಾತು ಕೊಡಬೇಡ ಎಂದಷ್ಟೇ ಹೇಳಿ ಕಳಿಸಿದಳು. ಮ್ಯಾಟ್ ಕ್ಲಾನ್‌ಲಿಫ್ ಎಂಬಲ್ಲಿದ್ದ ಪವಿತ್ರ ಶಿಲುಬೆಯ ಗುರುಮಠಕ್ಕೆ ಹೋಗಿ, ವರ್ಷಗಳ ನಂತರ ಪಾಪನಿವೇದನೆ ಮಾಡಿದ. ಕುಡಿಯುವುದಿಲ್ಲವೆಂದು ಗುರುಗಳ ಮುಂದೆ ಮಾತು ಕೊಟ್ಟ. ಜೀವಮಾನವಿಡೀ ಎಂದಲ್ಲ, ಮೂರು ತಿಂಗಳ ಮಟ್ಟಿಗೆ ಮಾತ್ರ.

ಈ ಮೂರು ತಿಂಗಳ ಹಿಂದೆ ಒಂದು ಚರಿತ್ರೆಯಿದೆ. ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಗುರುಗಳು 1838ರ ಏಪ್ರಿಲ್ 10ರಂದು ಕಾರ್ಕ್ ನಗರದಲ್ಲಿ ಮದ್ಯತ್ಯಾಗದ ಪ್ರತಿಜ್ಞೆಯ ಚಳವಳಿ ಆರಂಭಿಸಿದ್ದರು. ಲಕ್ಷಾಂತರ ಜನ ಸಾಲುಗಟ್ಟಿ ಬಂದು ಮಾತು ಕೊಟ್ಟರು. ಆಮೇಲೆ ಬಂದ ಮಹಾಕ್ಷಾಮ ಐರ್ಲೆಂಡನ್ನು ನುಂಗಿತು, ಚಳವಳಿಯೂ ಸೊರಗಿತು. ಫಾದರ್ ಮ್ಯಾಥ್ಯೂ ತೀರಿಕೊಂಡದ್ದು 1856ರಲ್ಲಿ, ಮ್ಯಾಟ್ ಹುಟ್ಟಿದ ವರ್ಷವೇ. ಜಾತ್ರೆಯ ಉತ್ಸಾಹದಲ್ಲಿ ಕೊಟ್ಟ ಮಾತು ಮರುದಿನ ಒಂಟಿಯಾಗುತ್ತದೆ. ಕೈಹಿಡಿದು ನಡೆಸುವವರಿಲ್ಲದೆ ಹೋದರೆ ಅದು ಬಾಡುತ್ತದೆ. ಮ್ಯಾಟ್‌ಗೆ ಚಿಕ್ಕ ಗಡುವು ಸಿಕ್ಕಿದ್ದು ಒಳ್ಳೆಯದೇ ಆಯಿತು.

ಆ ಮೂರು ತಿಂಗಳು ಸುಲಭವಾಗಿರಲಿಲ್ಲ. ಗಡುವು ಮುಗಿದ ಮೇಲೆ ಮತ್ತೆ ಕುಡಿಯುವೆನೆಂದು ತಾಯಿಯ ಮುಂದೆ ಹೇಳಿಕೊಂಡದ್ದೂ ಉಂಟು. ಕೆಲಸ ಮುಗಿದ ಮೇಲಿನ ಸಂಜೆಗಳೇ ಅವನಿಗೆ ಶತ್ರು. ಹಿಂದೆ ಆ ಹೊತ್ತೆಲ್ಲ ಹೆಂಡದಂಗಡಿಯಲ್ಲಿ ಕಳೆಯುತ್ತಿತ್ತು. ಗೆಳೆಯರು, ಬೆಳಕು, ಬೆಚ್ಚಗಿನ ಜಾಗ ಎಲ್ಲವೂ ಅಲ್ಲಿಯೇ. ಈಗ ಹೋಗುವುದೆಲ್ಲಿಗೆ? ದೂರದ ದೇವಾಲಯಗಳ ತನಕ ನಡೆದು ಹೋಗಿ, ಮಲಗುವ ಹೊತ್ತಾಗುವವರೆಗೆ ಅಲ್ಲಿಯೇ ಕೂತಿರುತ್ತಿದ್ದ. ಬೆಳಗಿನ ಜಾವ ಐದು ಗಂಟೆಗೆ ಗಾರ್ಡಿನರ್ ಬೀದಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದ ಬಲಿಪೂಜೆ, ಅಲ್ಲಿಂದ ನೇರ ಕೆಲಸಕ್ಕೆ.

ಒಂದು ಸಂಜೆ ಕಾಲು ಮಾತು ಕೇಳಲಿಲ್ಲ. ಕಿಸೆಯಲ್ಲಿ ಸ್ವಲ್ಪ ಹಣವಿತ್ತು. ಒಂದು ಹೆಂಡದಂಗಡಿಗೆ ನುಗ್ಗಿಯೇಬಿಟ್ಟ. ಅಂಗಡಿಯಲ್ಲಿ ಗದ್ದಲವಿತ್ತು. ಹೊಸ ಗಿರಾಕಿಯನ್ನು ಯಾರೂ ವಿಚಾರಿಸಲಿಲ್ಲ. ಕಾದು ಕಾದು ಮನಸ್ಸು ಬದಲಾಗಿ ಹೊರಗೆ ಬಂದವನು ನೇರವಾಗಿ ದೇವಾಲಯಕ್ಕೆ ಹೋಗಿ ಬಾಗಿಲು ಹಾಕುವ ತನಕ ಕೂತ. ಅಂದಿನಿಂದ ಒಂದು ನಿಯಮ ಮಾಡಿಕೊಂಡ. ಕಿಸೆಯಲ್ಲಿ ಹಣ ಇಟ್ಟುಕೊಂಡು ಹೊರಗೆ ಹೋಗುವುದಿಲ್ಲ. ತನ್ನ ಶಕ್ತಿಯ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಆದ್ದರಿಂದ ಬೀಳುವ ಸಂದರ್ಭವನ್ನೇ ದೂರ ಮಾಡಿದ. ಈ ವಿವೇಕ ಇಂದಿನ ವೈದ್ಯರೂ ಒಪ್ಪುವಂಥದ್ದು.

ಮೂರು ತಿಂಗಳು ಕಳೆದವು. ಮತ್ತೆ ಆರು ತಿಂಗಳಿಗೆ ಮಾತು ಕೊಟ್ಟ. ಆಮೇಲೆ ಜೀವಮಾನಕ್ಕೆ ಕೊಟ್ಟ. ತಂಬಾಕನ್ನೂ ಬಿಟ್ಟ. ಕುಡಿತದ ಕಾಲದ ಸಾಲಗಳನ್ನು ನೆನಪಿಸಿಕೊಂಡು ಒಬ್ಬೊಬ್ಬರ ಮನೆಗೆ ಹೋಗಿ ತೀರಿಸಿದ. ಆ ಪಿಟೀಲಿನ ಬಡವನನ್ನು ಹುಡುಕಿ ನಗರವೆಲ್ಲ ಅಲೆದ. ಆತ ಸಿಗಲೇ ಇಲ್ಲ. ಕೊನೆಗೆ ಆ ಹಣವನ್ನು ಅವನ ಆತ್ಮಕ್ಕಾಗಿ ಬಲಿಪೂಜೆಗಳಿಗೆ ಕೊಟ್ಟ.

ಇಲ್ಲಿಂದ ಮುಂದಿನದು ಒಬ್ಬ ಭಕ್ತರ ಜೀವನ. ಓದು ಬಾರದ ಮ್ಯಾಟ್ ಕಷ್ಟಪಟ್ಟು ಓದಲು ಕಲಿತರು. ಸಂತ ಅಗಸ್ಟೀನರ ಪಾಪನಿವೇದನೆಯ ಗ್ರಂಥದಂಥ ದೊಡ್ಡ ಪುಸ್ತಕಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಕ್ಲಾನ್‌ಲಿಫ್ ಗುರುಮಠದ ಪ್ರಾಧ್ಯಾಪಕರಾದ ಡಾ. ಮೈಕಲ್ ಹಿಕಿ ಅವರು ಇವರ ಆತ್ಮಿಕ ಮಾರ್ಗದರ್ಶಕರಾದರು. 1890ರಲ್ಲಿ ಮ್ಯಾಟ್ ಸಂತ ಫ್ರಾನ್ಸಿಸರ ಮೂರನೇ ಸಭೆಗೆ ಸೇರಿದರು. ಟಿ. ಅಂಡ್ ಸಿ. ಮಾರ್ಟಿನ್ ಎಂಬ ಮರದ ಅಡ್ಡೆಯಲ್ಲಿ ಕೂಲಿಯಾಗಿ ವರ್ಷಗಟ್ಟಲೆ ದುಡಿದರು. ಬಂದ ಕೂಲಿಯಲ್ಲಿ ತನಗೆಂದು ಉಳಿಸಿಕೊಂಡದ್ದು ಬಹಳ ಕಡಿಮೆ. ಉಳಿದದ್ದು ನೆರೆಹೊರೆಯ ಬಡವರಿಗೆ, ಅನಾಥರಿಗೆ, ದೂರದ ಚೀನಾ ದೇಶದ ಧರ್ಮಪ್ರಚಾರಕ್ಕೆ ಹೋಗುತ್ತಿತ್ತು. ಮಲಗುತ್ತಿದ್ದದ್ದು ಹಲಗೆಯ ಮೇಲೆ, ತಲೆಗೆ ಮರದ ದಿಂಬು.

ದೇವಭಕ್ತರಾದ ಮಾತ್ರಕ್ಕೆ ಅವರು ಜೊತೆಯ ಕೂಲಿಗಳನ್ನು ಮರೆಯಲಿಲ್ಲ. ಅವರು ಕಾರ್ಮಿಕ ಸಂಘದ ಸದಸ್ಯರಾಗಿದ್ದರು. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಸುಮಾರು ಇಪ್ಪತ್ತು ಸಾವಿರ ಕೆಲಸಗಾರರನ್ನು ಹೊರಗಿಟ್ಟು ಬೀಗ ಹಾಕಿದಾಗ ಮ್ಯಾಟ್ ತಮ್ಮವರ ಜೊತೆಗೇ ಇದ್ದರು. ಸಂಘ ಕೊಟ್ಟ ಮುಷ್ಕರದ ಭತ್ಯವನ್ನು ಮಕ್ಕಳೊಂದಿಗರಾದ ಕೆಲಸಗಾರರಿಗೆ ಹಂಚಿದರು.

ಇಷ್ಟಾದರೂ ಅವರ ಮನೆಯ ದುಃಖ ಪೂರ್ತಿ ತೀರಲಿಲ್ಲ ಎಂಬುದನ್ನು ಮರೆಮಾಚಬಾರದು. ಅವರ ತಮ್ಮಂದಿರು ಕುಡಿತ ಬಿಡಲಿಲ್ಲ. ಅಣ್ಣ ಎಷ್ಟು ಪ್ರಾರ್ಥಿಸಿದರೂ, ಎಷ್ಟು ಬುದ್ಧಿ ಹೇಳಿದರೂ ಅವರ ಬದುಕು ಬದಲಾಗಲಿಲ್ಲ. ನಮ್ಮ ಕುಟುಂಬದಲ್ಲಿ ಒಬ್ಬನನ್ನು ಉಳಿಸಲು ಸಾಧ್ಯವಾಗದೆ ತಮ್ಮನ್ನೇ ದೂಷಿಸಿಕೊಳ್ಳುವ ತಾಯಂದಿರು, ಹೆಂಡಂದಿರು ಇದನ್ನು ನೆನಪಿಡಬೇಕು. ಸ್ವತಃ ಮ್ಯಾಟ್ ಟಾಲ್ಬಟ್ ಅವರಿಗೇ ತಮ್ಮ ಒಡಹುಟ್ಟಿದವರನ್ನು ಬದಲಾಯಿಸಲು ಆಗಲಿಲ್ಲ. ಅವರ ಕುಡಿತ ನಿಮ್ಮ ಪ್ರೀತಿಯ ಸೋಲಲ್ಲ.

ತಾಯಿ ಎಲಿಜಬೆತ್ ಕೊನೆಯ ವರ್ಷಗಳನ್ನು ಮ್ಯಾಟ್ ಜೊತೆಯಲ್ಲಿಯೇ ಕಳೆದು 1915ರಲ್ಲಿ ತೀರಿಕೊಂಡರು. ಮಗನ ಕುಡಿತದ ಹದಿನಾರು ವರ್ಷಗಳನ್ನು ಸಹಿಸಿದ ಆ ತಾಯಿ ಅವನ ಹೊಸ ಬದುಕಿನ ಮೂವತ್ತೊಂದು ವರ್ಷಗಳನ್ನೂ ಕಂಡರು. 1923ರಿಂದ ಮ್ಯಾಟ್ ಅವರ ಹೃದಯ, ಮೂತ್ರಪಿಂಡಗಳು ದುರ್ಬಲವಾಗಿ ಆಸ್ಪತ್ರೆಗೆ ಸೇರಬೇಕಾಯಿತು. 1925ರ ಜೂನ್ 7, ಪರಮ ತ್ರಿತ್ವದ ಹಬ್ಬದ ಭಾನುವಾರ. ಬಲಿಪೂಜೆಗೆಂದು ನಡೆದು ಹೋಗುವಾಗ ಗ್ರಾನ್ಬಿ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣ ಬಿಟ್ಟರು. ಅವರಿಗೆ ಅರವತ್ತೊಂಬತ್ತು ವರ್ಷ. ಆಸ್ಪತ್ರೆಗೆ ಒಯ್ದು ಬಟ್ಟೆ ತೆಗೆದಾಗ ಮೈಮೇಲೆ ಸರಪಳಿಗಳು ಕಂಡವು. ಮರಿಯ ಮಾತೆಯ ದಾಸನೆಂಬ ಗುರುತಾಗಿ, ತಮ್ಮ ಮಾರ್ಗದರ್ಶಕರ ಅರಿವಿನಲ್ಲಿಯೇ, ಗುಟ್ಟಾಗಿ ಧರಿಸಿದ್ದ ಸರಪಳಿಗಳವು. ಇಂಥ ಕಠಿಣ ತಪಸ್ಸನ್ನು ಧರ್ಮಸಭೆ ಯಾರಿಂದಲೂ ಬೇಡುವುದಿಲ್ಲ. ಅವರನ್ನು ಅನುಸರಿಸಬಯಸುವವರು ಸರಪಳಿಯನ್ನು ಬಿಟ್ಟು ಆ ಮೂರು ತಿಂಗಳ ಮಾತನ್ನು ನೋಡಲಿ.

ಮರುವರ್ಷವೇ ಸರ್ ಜೋಸೆಫ್ ಗ್ಲಿನ್ ಅವರು ಮ್ಯಾಟ್ ಅವರ ಜೀವನಚರಿತ್ರೆ ಬರೆದರು. ಹೆಸರಿಲ್ಲದ ಕೂಲಿಯಾಳು ದೇಶದೇಶಗಳಿಗೆ ಪರಿಚಿತನಾದ. ಈಗ ಅವರ ಪಾರ್ಥಿವ ಶರೀರ ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯದಲ್ಲಿದೆ. ವಂದನೀಯರು ಎಂಬುದು ಸಂತ ಪದವಿಯ ಹಾದಿಯಲ್ಲಿ ಒಂದು ಮೆಟ್ಟಿಲು. ಪುನೀತರು, ಸಂತರು ಎಂಬ ಮೆಟ್ಟಿಲುಗಳು ಇನ್ನೂ ಉಳಿದಿವೆ.

ಪ್ರಿಯ ಓದುಗರೇ, ಈ ಜೀವನವನ್ನು ಓದಿ ಕೈಮುಗಿದು ಮುಗಿಸಿದರೆ ಸಾಲದು. ನಮ್ಮ ಊರುಗಳಿಗೆ ಇದರಿಂದ ಏನು ಎಂದು ಕೇಳಿಕೊಳ್ಳಬೇಕು.

ಮೊದಲನೆಯದು, ಚಿಕ್ಕ ಮಾತಿಗೆ ಬೆಲೆ ಕೊಡೋಣ. ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಮಕ್ಕಳ ತಲೆಮುಟ್ಟಿ ಆಣೆ ಮಾಡಿಸುವುದಕ್ಕಿಂತ ಇವತ್ತೊಂದು ದಿನ, ಈ ಒಂದು ವಾರ, ಮೂರು ತಿಂಗಳು ಎಂಬ ಮಾತು ಮನುಷ್ಯನಿಗೆ ಹೊರಲು ಸಾಧ್ಯವಾದದ್ದು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವೂ ಒಂದೊಂದೇ ದಿನದ ಲೆಕ್ಕದಲ್ಲಿ ನಡೆಯುತ್ತದೆ. ಅದರ ಕೂಟಗಳು ಕರ್ನಾಟಕದಲ್ಲಿಯೂ ಇವೆ. ನಡುವೆ ಒಮ್ಮೆ ಜಾರಿ ಬಿದ್ದವನಿಗೆ ಬಾಗಿಲು ಮುಚ್ಚಬಾರದು. ಜಾರಿದ್ದು ಹಾದಿಯ ಒಂದು ಭಾಗ, ಹಾದಿಯೇ ಮುಗಿದುಹೋಯಿತೆಂದಲ್ಲ.

ಎರಡನೆಯದು, ಇದು ದೇಹದ ಕಾಯಿಲೆಯೂ ಹೌದು. ಬಹುಕಾಲ ದಿನವೂ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು, ಕೆಲವರಿಗೆ ಫಿಟ್ಸ್, ಬುದ್ಧಿಭ್ರಮಣೆಯೂ ಬರಬಹುದು. ಇದರಿಂದ ಪ್ರಾಣಕ್ಕೂ ಅಪಾಯವುಂಟು. ಕೋಣೆಯಲ್ಲಿ ಕೂಡಿ ಬೀಗ ಹಾಕುವುದು, ತಿಳಿಯದಂತೆ ಊಟದಲ್ಲಿ ಯಾವುದೋ ಪುಡಿ ಬೆರೆಸುವುದು ಮದ್ದಲ್ಲ. ವೈದ್ಯರ ಬಳಿಗೆ ಕರೆದೊಯ್ಯಬೇಕು. ನಮಗೆ ಹತ್ತಿರದ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನೂ ಬಿಡಲಾಗದವನ ವಿಷಯದಲ್ಲಿಯೂ ಮಾಡುವ ಕೆಲಸ ಬಹಳವಿದೆ. ಹೊಟ್ಟೆಗೆ ಅನ್ನ ಬೀಳುವಂತೆ ನೋಡುವುದು, ಅಮಲಿನಲ್ಲಿ ಬೈಕು, ಟ್ರ್ಯಾಕ್ಟರು ಮುಟ್ಟದಂತೆ ತಡೆಯುವುದು, ಕೂಲಿ ಹಣ ಮನೆಯವಳ ಕೈಸೇರುವಂತೆ ಒಪ್ಪಿಸುವುದು, ಕ್ಷಯದ ಚಿಕಿತ್ಸೆಯಲ್ಲಿದ್ದರೆ ಗುಳಿಗೆ ತಪ್ಪದಂತೆ ಕಾಯುವುದು. ಬಿಡುವ ದಿನ ಬರುವ ತನಕ ಅವನು ಬದುಕಿರಬೇಕಲ್ಲವೇ?

ಮೂರನೆಯದು ಊರಿನ ಏರ್ಪಾಡು. ಮ್ಯಾಟ್ ಕಾಲದ ಡಬ್ಲಿನ್ನಿನಲ್ಲಿ ಬಟವಾಡೆಯ ದಾರಿ ಹೆಂಡದಂಗಡಿಯ ಮೂಲಕ ಹೋಗುತ್ತಿತ್ತು. ನಮ್ಮ ಕಡೆ ಕಬ್ಬು ಸಕ್ಕರೆಯಾಗುವಾಗ ಉಳಿಯುವ ಕಾಕಂಬಿಯಿಂದಲೇ ಮದ್ಯಸಾರ ತಯಾರಾಗುತ್ತದೆ. ಕಬ್ಬು ಕಡಿದವನ ಬೆವರು ಎರಡು ಸಲ ಮಾರಾಟವಾಗುವಂತಾಗಬಾರದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋಗಿ ಮದ್ಯ ನಿಷೇಧ ಕೇಳಿದರು. ನಿಷೇಧ ಬೇಕೋ ಬೇಡವೋ ಎಂಬುದರಲ್ಲಿ ಅಭಿಪ್ರಾಯ ಭೇದವಿರಬಹುದು. ಆದರೆ ಅಂಗಡಿ ಎಲ್ಲಿರಬೇಕು, ಎಷ್ಟಿರಬೇಕು ಎಂಬುದನ್ನು ಹೇಳುವ ಹಕ್ಕು ಆ ತಾಯಂದಿರಿಗೆ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆ ಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳುವುದೂ ನೆರೆಯವನ ಪ್ರೀತಿಯೇ.

ಕೊನೆಯದಾಗಿ ನಮ್ಮದೇ ದೇವಾಲಯಗಳ ಮಾತು. ಗೆಳೆಯರು ಕರೆಯದೆ ಒಳಗೆ ಹೋದ ಆ ಸಂಜೆಗಳಲ್ಲಿ ಮ್ಯಾಟ್‌ಗೆ ತೆರೆದಿದ್ದ ಬಾಗಿಲು ದೇವಾಲಯದ್ದೊಂದೇ. ಬಟವಾಡೆಯ ಸಂಜೆ ನಮ್ಮ ಧರ್ಮಕೇಂದ್ರದ ಬಾಗಿಲು ತೆರೆದಿರುತ್ತದೆಯೇ? ಅಲ್ಲಿ ದೀಪವಿದೆಯೇ, ಒಂದು ಲೋಟ ಚಹಾ ಇದೆಯೇ, ಬಾ ಕೂತುಕೋ ಎನ್ನುವ ಒಬ್ಬ ಮನುಷ್ಯನಿದ್ದಾನೆಯೇ? ಕುಡಿತ ಬಿಟ್ಟವನು ನಮ್ಮ ಹಬ್ಬ, ಮದುವೆ, ಜ್ಞಾನಸ್ನಾನದ ಊಟಗಳಿಗೆ ಬಂದಾಗ ಅವನ ಕೈಗೆ ಲೋಟ ಕೊಟ್ಟು ಒತ್ತಾಯಿಸುವವರು ನಾವೇ ಆಗಿದ್ದೇವೆಯೇ? ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ಬಾಗಿಲಿಗೇ ಹೋದರು. ನಮಗೆ ಅಷ್ಟು ದೂರ ನಡೆಯಲು ಆಗದಿದ್ದರೆ, ನಮ್ಮ ಬಾಗಿಲನ್ನಾದರೂ ತೆರೆದಿಡೋಣ. ಈ ಶನಿವಾರ ಸಂಜೆಯಿಂದಲೇ ಮೂರು ತಿಂಗಳ ಮಟ್ಟಿಗೆ ತೆರೆದಿಟ್ಟು ನೋಡೋಣ.